ವ್ಯಕ್ತಿತ್ವ ಪರೀಕ್ಷೆಯ ವರದಿಯನ್ನು ನಾನು ಓದುವ ಬಗೆ

ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರ ಮಾನವ ಸಂಪನ್ಮೂಲ ವಿಭಾಗದಲ್ಲಿ ತರಬೇತಿಯ ಹೊಣೆ ನನ್ನದು. ಹೊಸ ತಂಡ ಕಟ್ಟಿದಾಗಲೆಲ್ಲ ಮ್ಯಾನೇಜರುಗಳು ಕೇಳುವುದು ಹೆಚ್ಚುಕಡಿಮೆ ಒಂದೇ: ಎಲ್ಲರಿಗೂ ಒಂದು ವ್ಯಕ್ತಿತ್ವ ಪರೀಕ್ಷೆ ಮಾಡಿಸಿಬಿಡಿ, ಯಾರು ಎಂಥವರೆಂದು ತಿಳಿಯಲಿ. ಪ್ರಶ್ನಾವಳಿ ತುಂಬಿದವರು ತಮ್ಮನ್ನು ತಾವು ಎಂಥವರೆಂದು ಭಾವಿಸಿದ್ದಾರೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ ಎಂದು ನಾನು ಪ್ರತಿ ಸಲವೂ ಹೇಳುತ್ತೇನೆ.

ಹೆಚ್ಚು ಬೇಡಿಕೆಯಿರುವುದು ಎಂಬಿಟಿಐಗೆ (ಮೈಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್). ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ವಿಚಾರಗಳನ್ನು ಆಧರಿಸಿ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಮೈಯರ್ಸ್ ರೂಪಿಸಿದ ಈ ಪರೀಕ್ಷೆ ಜನರನ್ನು 16 ಬಗೆಗಳಾಗಿ ವಿಂಗಡಿಸುತ್ತದೆ. ಇಬ್ಬರಿಗೂ ಮನೋವಿಜ್ಞಾನದ ಔಪಚಾರಿಕ ಶಿಕ್ಷಣವಿರಲಿಲ್ಲ. ಪ್ರತಿ ಬಗೆಗೂ ನಾಲ್ಕು ಇಂಗ್ಲಿಷ್ ಅಕ್ಷರಗಳ ಹೆಸರು; ಮೊದಲ ಅಕ್ಷರ ಬಹಿರ್ಮುಖಿಗೆ ‘ಇ’, ಅಂತರ್ಮುಖಿಗೆ ‘ಐ’. ತೊಡಕಿರುವುದು ಈ ವಿಂಗಡಣೆಯಲ್ಲಿ. ಬಹುತೇಕರ ಅಂಕಗಳು ನಡುವಿನ ಆಸುಪಾಸಿನಲ್ಲೇ ಬರುವುದರಿಂದ, ಗೆರೆಯ ಆಚೀಚೆ ಕೂದಲೆಳೆಯ ಅಂತರದಲ್ಲಿ ನಿಂತ ಇಬ್ಬರಿಗೆ ವಿರುದ್ಧ ಅಕ್ಷರಗಳು ಸಿಗುತ್ತವೆ. ಅದೇ ವ್ಯಕ್ತಿ ಕೆಲವು ವಾರಗಳ ಬಳಿಕ ಮತ್ತೆ ಬರೆದರೆ ಅಕ್ಷರ ಬದಲಾಗುವುದೂ ಉಂಟು. ನೇಮಕಾತಿಗೆ ಇದನ್ನು ಬಳಸಬಾರದೆಂದು ಪ್ರಕಾಶಕರೇ ಹೇಳುತ್ತಾರೆ. ಆದರೂ ಆರ್ಕಿಟೆಕ್ಟ್ ಹುದ್ದೆಗೆ ‘ಐಎನ್‌ಟಿಜೆ’ ಆದವರನ್ನೇ ಕೊಡಿ ಎಂಬ ಕೋರಿಕೆ ನನ್ನ ಮೇಜಿಗೆ ಬಂದಿದೆ.

ಹಾವೇರಿ ಕಡೆಯ ಟೆಸ್ಟಿಂಗ್ ಎಂಜಿನಿಯರ್ ಒಬ್ಬರು, ಹೊಸಬರೊಡನೆ ನೀವಾಗಿಯೇ ಮಾತು ಆರಂಭಿಸುತ್ತೀರಾ ಎಂಬ ಪ್ರಶ್ನೆಯ ಬಳಿ ಪೆನ್ನು ನಿಲ್ಲಿಸಿ, “ಇಲ್ಲಿದ್ದಾಗಿಂದು ಬರೀಲೇನ್ರಿ ಮೇಡಂ, ಊರಾಗ ಇದ್ದಾಗಿಂದು ಬರೀಲೇನ್ರಿ?” ಎಂದು ಕೇಳಿದರು. ಪರೀಕ್ಷೆಯ ಬಗ್ಗೆ ಅಷ್ಟು ಒಳ್ಳೆಯ ಪ್ರಶ್ನೆಯನ್ನು ಯಾವ ತರಬೇತುದಾರರ ಬಾಯಲ್ಲೂ ನಾನು ಕೇಳಿಲ್ಲ. ಎರಡು ಹಾಳೆ ಕೊಟ್ಟು ಎರಡನ್ನೂ ಬರೆಯಲು ಹೇಳಿದೆ. ಉಳಿದ ಅಕ್ಷರಗಳು ಹಾಗೆಯೇ ಇದ್ದವು, ಮೊದಲನೆಯದು ಮಾತ್ರ ಬೇರೆಯಾಗಿತ್ತು. ಊರ ಜಾತ್ರೆಯ ನಾಟಕದಲ್ಲಿ ಪಾತ್ರ ಮಾಡುವ, ಕಬಡ್ಡಿ ಪಂದ್ಯಕ್ಕೆ ಮೈಕ್ ಹಿಡಿಯುವ ಈ ಮನುಷ್ಯ, ಕ್ಲೈಂಟ್ ಜೊತೆಗಿನ ಇಂಗ್ಲಿಷ್ ಕರೆಯಲ್ಲಿ ಹೆಸರು ಹಿಡಿದು ಕೇಳುವವರೆಗೆ ಮ್ಯೂಟ್ ತೆಗೆಯುತ್ತಿರಲಿಲ್ಲ. ಎರಡೂ ಅವರೇ. ಅವರ ಮೌಲ್ಯಮಾಪನದಲ್ಲಿ ‘ಅಂತರ್ಮುಖಿ’ ಎಂದು ಬರೆಯಲು ಹೊರಟಿದ್ದ ಮ್ಯಾನೇಜರಿಗೆ, ಆ ಪದವನ್ನು ಬಿಟ್ಟು ಕರೆಯ ಅಜೆಂಡಾವನ್ನು ಹಿಂದಿನ ದಿನವೇ ಕಳಿಸಿ ನೋಡಿ ಎಂದೆ.

ವರದಿ ಕೈಗೆ ಬಂದಾಗ ಹೆಚ್ಚಿನವರು ‘ಅರೆ, ಇದು ನಾನೇ’ ಎನ್ನುವುದಕ್ಕೂ ಕಾರಣವಿದೆ. 1948ರಲ್ಲಿ ಬರ್ಟ್ರಾಮ್ ಫೋರರ್ ಎಂಬ ಮನೋವಿಜ್ಞಾನಿ ತನ್ನ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಿ, ಎಲ್ಲರಿಗೂ ಒಂದೇ ವಿವರಣೆಯನ್ನು ಪ್ರತ್ಯೇಕ ಫಲಿತಾಂಶವೆಂಬಂತೆ ಹಂಚಿದರು. ಅದರ ಸಾಲುಗಳು ಬಹುಪಾಲು ಜ್ಯೋತಿಷ್ಯದ ಪುಸ್ತಕದವು. ವಿದ್ಯಾರ್ಥಿಗಳು ಅದರ ನಿಖರತೆಗೆ 5ಕ್ಕೆ ಸರಾಸರಿ 4ಕ್ಕೂ ಹೆಚ್ಚು ಅಂಕ ಕೊಟ್ಟರು! ಬೆಳಗಿನ ಪತ್ರಿಕೆಯಲ್ಲಿ ರಾಶಿಫಲ ಓದುವ ನಮ್ಮವರಿಗೆ ಇದೇನೂ ಅಚ್ಚರಿಯಲ್ಲ.

ಸಂಶೋಧಕರು ಹೆಚ್ಚು ನೆಚ್ಚುವ ‘ಬಿಗ್ ಫೈವ್’ ಮಾದರಿ ಯಾರನ್ನೂ ಗೂಡಿಗೆ ತುರುಕದೆ ಐದು ಗುಣಗಳ ಪ್ರಮಾಣವನ್ನಷ್ಟೇ ತೋರಿಸುವುದರಿಂದ ನನಗೆ ಅದೇ ವಾಸಿ ಎನ್ನಿಸುತ್ತದೆ. ಆದರೆ ಅಲ್ಲಿಯೂ ಉತ್ತರಿಸುವವರು ನಾವೇ; ಕೆಲಸಕ್ಕೆ ಅರ್ಜಿ ಹಾಕಿದವರು ಯಾರು ತಾನೇ ‘ಗಡುವಿನೊಳಗೆ ಕೆಲಸ ಮುಗಿಸುವುದಿಲ್ಲ’ ಎಂದು ಗುರುತು ಹಾಕುತ್ತಾರೆ?

ಹೀಗಾಗಿ ಈಗ ನನ್ನ ಕಾರ್ಯಾಗಾರಗಳಲ್ಲಿ ವರದಿ ಕೊಟ್ಟ ತಕ್ಷಣ, ಇದರಲ್ಲಿ ನಿಮ್ಮದಲ್ಲ ಎನ್ನಿಸಿದ ಒಂದು ಸಾಲಿಗೆ ಅಡಿಗೆರೆ ಹಾಕಿ, ಯಾಕೆಂದು ಪಕ್ಕದಲ್ಲಿ ಬರೆಯಿರಿ ಎನ್ನುತ್ತೇನೆ. ಒಪ್ಪಿದ ಸಾಲುಗಳ ಬಗ್ಗೆ ಮಾತು ಬೇಗ ಮುಗಿಯುತ್ತದೆ, ಅಡಿಗೆರೆ ಬಿದ್ದ ಸಾಲುಗಳ ಬಗ್ಗೆ ಊಟದ ಹೊತ್ತಿನವರೆಗೂ ನಡೆಯುತ್ತದೆ. ವರದಿ ಉದ್ಯೋಗಿಯ ಬಳಿಯೇ ಇರುತ್ತದೆ; ಅವರು ತಾವಾಗಿ ಹಂಚಿಕೊಂಡದ್ದು ಮಾತ್ರ ಮ್ಯಾನೇಜರನ್ನು ತಲುಪುತ್ತದೆ.