ಗಸಗಸೆಯಷ್ಟು ಚಿಕ್ಕ ಕಾಲೊನಿಗಳು

18 ಜುಲೈ 2024, ಗುರುವಾರ
ಬೆಂಗಳೂರು

ಐದು ವಾರದ ಮೇಲೆ ಇವತ್ತು, ಡಿಎನ್‌ಎ ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ನನ್ನ ತುಣುಕಿನ ಗೆರೆ, ಅಂದರೆ ಬ್ಯಾಂಡ್, ಇರಬೇಕಾದ ಜಾಗದಲ್ಲೇ ಕೂತಿತ್ತು. 420 ಬೇಸ್ ಜೋಡಿ, ಅಂದರೆ ಡಿಎನ್‌ಎಯ 420 ಅಕ್ಷರದಷ್ಟು ಉದ್ದ. ಯುವಿ ದೀಪ ಆರಿಸಲು ಮನಸ್ಸೇ ಬರಲಿಲ್ಲ.

ಹಂಟಿಂಗ್ಟನ್ ಕಾಯಿಲೆಯ ಜೀನ್‌ನಲ್ಲಿ ಸಿಎಜಿ ಎಂಬ ಮೂರಕ್ಷರ ಸಾಲಾಗಿ ಬರುತ್ತದೆ. ಅದರ ಎಣಿಕೆ 40 ಮುಟ್ಟಿದರೆ ಕಾಯಿಲೆ ಹೆಚ್ಚುಕಡಿಮೆ ಖಚಿತ. ನನ್ನ ಪ್ಲಾಸ್ಮಿಡ್‌ನಲ್ಲಿ, ಅಂದರೆ ಬ್ಯಾಕ್ಟೀರಿಯಾದೊಳಗೆ ಬೆಳೆಸುವ ಉಂಗುರದಂಥ ಡಿಎನ್‌ಎಯಲ್ಲಿ, 80 ಇರಬೇಕು. ಆದರೆ ಮಿನಿಪ್ರೆಪ್ ಮಾಡಿ (ಬ್ಯಾಕ್ಟೀರಿಯಾದಿಂದ ಪ್ಲಾಸ್ಮಿಡ್ ಬೇರ್ಪಡಿಸಿ) ಆ ತುಣುಕನ್ನು ಕತ್ತರಿಸಿ ನೋಡಿದಾಗಲೆಲ್ಲ 300ರ ಕೆಳಗೊಂದು ಬ್ಯಾಂಡ್, ಅದರ ಮೇಲೆ ಕಾಡಿಗೆ ಒರೆಸಿದ ಹಾಗೆ ಸ್ಮಿಯರ್. ಸಾಲು ಅರ್ಧಕ್ಕರ್ಧ ಮಾಯ.

ಮೊದಲು ಡಿಎಚ್5ಆಲ್ಫಾ ಎಂಬ ಬ್ಯಾಕ್ಟೀರಿಯಾ ತಳಿ ಬಿಟ್ಟು ಎಸ್‌ಟಿಬಿಎಲ್3 ತಳಿಗೆ ಹೋದೆ. ಹೆಚ್ಚೇನೂ ಗಿಟ್ಟಲಿಲ್ಲ. ಎರಡರಲ್ಲೂ ಡಿಎನ್‌ಎ ಎಳೆಗಳನ್ನು ಅದಲುಬದಲು ಮಾಡುವ ರೆಕ್‌ಎ ಪ್ರೊಟೀನ್ ಕೆಲಸ ಮಾಡುವುದಿಲ್ಲ, ಆದರೆ ಈ ನಷ್ಟಕ್ಕೆ ರೆಕ್‌ಎ ಬೇಕಾಗಿಯೇ ಇಲ್ಲ. ಡಿಎನ್‌ಎ ನಕಲಾಗುವಾಗ ಎಳೆ ತನ್ನ ಮೇಲೇ ಮಡಚಿಕೊಳ್ಳುತ್ತದೆ, ನಕಲು ಮಾಡುವ ಕಿಣ್ವ ಪಾಲಿಮರೇಸ್ ಆ ಮಡಿಕೆಯನ್ನು ಹಾರಿ ಮುಂದೆ ಹೋಗುತ್ತದೆ. ಸಿಎಜಿಗೆ ಜೋಡಿಯಾದ ಸಿಟಿಜಿ ಎಳೆ ಲ್ಯಾಗಿಂಗ್ ಕಡೆಯ, ಅಂದರೆ ತುಂಡುತುಂಡಾಗಿ ನಕಲಾಗುವ ಕಡೆಯ, ಟೆಂಪ್ಲೇಟ್ (ಅಚ್ಚು) ಆದರೆ ಕಳೆದುಹೋಗುವುದು ಇನ್ನೂ ಜಾಸ್ತಿ. ನನ್ನದು ಆ ದಿಕ್ಕಿನಲ್ಲೇ ಇತ್ತು. ತುಣುಕನ್ನು ತಿರುಗಿಸಿ ಹಾಕಿದೆ, ಬೆಳೆಸುವ ಶಾಖವನ್ನು 37 ಡಿಗ್ರಿಯಿಂದ 30ಕ್ಕೆ ಇಳಿಸಿದೆ. ಸಿಎಜಿಗಳ ನಡುವೆ ಸಿಎಎ ಸೇರಿಸಿದರೆ, ಎರಡೂ ಸೂಚಿಸುವ ಅಮೈನೋ ಆಮ್ಲ ಗ್ಲುಟಮಿನ್ ಹಾಗೇ ಉಳಿದು ಸಾಲೂ ಗಟ್ಟಿಯಾಗುತ್ತದೆ, ನಿಜ. ಆದರೆ ನಾನು ನೋಡುತ್ತಿರುವುದೇ ಆರ್‌ಎನ್‌ಎ ಮಡಚುವ ಬಗೆಯನ್ನು, ಸಿಎಎ ಅದನ್ನೇ ಬದಲಿಸಿಬಿಡುತ್ತದೆ. ಅದು ನನಗೆ ಆಗದ ದಾರಿ.

ಸೋಮವಾರ ಲ್ಯಾಬಿನ ಹೊಸ ಹುಡುಗಿ ಬ್ಯಾಕ್ಟೀರಿಯಾ ಬೆಳೆದ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದಳು: "ಅಕ್ಕ, ಈ ಸಣ್ಣವನ್ನ ಯಾಕೆ ಮುಟ್ಟೋದೇ ಇಲ್ಲ?" ಸಾಸಿವೆಯಷ್ಟು ದಪ್ಪ ಕಾಲೊನಿಗಳ (ಒಂದೊಂದೂ ಒಂದು ಕೋಶದಿಂದ ಬೆಳೆದ ಗುಂಪು) ನಡುವೆ ಗಸಗಸೆಯಂಥ ಚುಕ್ಕೆಗಳು. ಸಾಲು ಕಳೆದುಕೊಂಡ ಕೋಶಕ್ಕೆ ಹೊರೆ ಕಡಿಮೆ, ಅದೇ ಬೇಗ ಬೆಳೆಯುತ್ತದೆ. ಐದು ವಾರ ನಾನು ಆರಿಸಿ ಆರಿಸಿ ತೆಗೆದದ್ದು ಆ ದಪ್ಪನೆಯವನ್ನೇ! ಗಸಗಸೆಯಂಥವು ಎಂಟು ತೆಗೆದೆವು. ಐದರಲ್ಲಿ ಪೂರ್ತಿ ತುಣುಕು ಸಿಕ್ಕಿತು. ಅವಳ ಹೆಸರನ್ನು ಲ್ಯಾಬ್ ಪುಸ್ತಕದಲ್ಲಿ ಬರೆದಿದ್ದೇನೆ.

ಕಲ್ಚರ್ ದಟ್ಟವಾಗುವ ಮೊದಲೇ ಡಿಎನ್‌ಎ ತೆಗೆದು ಮೈನಸ್ 20ರಲ್ಲಿ ಇಟ್ಟೆ. ಇನ್ನು ಮುಂದೆ ಗ್ಲಿಸರಾಲ್ ಸ್ಟಾಕ್‌ನಿಂದ (ಹೆಪ್ಪುಗಟ್ಟಿಸಿಟ್ಟ ಬ್ಯಾಕ್ಟೀರಿಯಾದಿಂದ) ಮತ್ತೆ ಮತ್ತೆ ಬೆಳೆಸುವುದಿಲ್ಲ, ಬೇಕಾದಾಗಲೆಲ್ಲ ಹೊಸದಾಗಿ ಟ್ರಾನ್ಸ್‌ಫಾರ್ಮ್ ಮಾಡುತ್ತೇನೆ, ಅಂದರೆ ಈ ಡಿಎನ್‌ಎಯನ್ನು ಹೊಸ ಕೋಶಗಳಿಗೆ ಸೇರಿಸುತ್ತೇನೆ. 80ಕ್ಕೂ 78ಕ್ಕೂ ಇರುವ ವ್ಯತ್ಯಾಸ ಈ ಜೆಲ್‌ನಲ್ಲಿ ಕಾಣುವುದಿಲ್ಲ. ನಾಳೆ ಐದನ್ನೂ ಒಂದೊಂದೇ ಅಕ್ಷರ ಓದುವ ಸೀಕ್ವೆನ್ಸಿಂಗ್‌ಗೆ ಕಳಿಸಬೇಕು. ಅಲ್ಲಿಯವರೆಗೆ ಟ್ಯೂಬಿನ ಮುಚ್ಚಳದ ಮೇಲೆ ಸಂಖ್ಯೆಯ ಜಾಗ ಖಾಲಿ ಬಿಟ್ಟಿದ್ದೇನೆ.