ಮಳೆಗಾಲದ ಮಂಗಳೂರು, ಸೈಕಲ್ ಮೇಲಿಂದ

ಜೂನ್ ಬಂತೆಂದರೆ ನಮ್ಮಲ್ಲಿ ಸೈಕಲ್ ಇರುವವರು ಅದಕ್ಕೊಂದು ಪ್ಲಾಸ್ಟಿಕ್ ಹೊದೆಸಿ ಮೂಲೆಗಿಡುತ್ತಾರೆ. ನನಗೋ ಮಂಗಳೂರು ಸುತ್ತಲು ಅದೇ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಕದ್ರಿಯ ಏರು ಹತ್ತುವಷ್ಟರಲ್ಲಿ ಸೆಖೆಗೆ ಜೀವ ಹೋದ ಹಾಗಾಗುತ್ತದೆ. ಮಳೆಯಲ್ಲಿ ಅದೇ ಏರನ್ನು ನಿಧಾನಕ್ಕೆ, ತಣ್ಣಗೆ ಹತ್ತಬಹುದು.

ಈ ಊರಿನ ಏರುತಗ್ಗು ಬಸ್ಸಲ್ಲಿ ಕೂತವರಿಗೆ ಗೊತ್ತಾಗುವುದು ಕಡಿಮೆ. ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಒಮ್ಮೆ ಪೆಡಲ್ ತುಳಿದು ನೋಡಿ, ತೊಡೆಗೆ ಗೊತ್ತಾಗುತ್ತದೆ. ಮಳೆ ಜೋರಾದಾಗ ನಾನು ರಸ್ತೆಯ ಬದಿಯ ನೀರು ಎತ್ತ ಓಡುತ್ತದೆ ಎಂದು ನೋಡಿಕೊಂಡು ಅದರ ಜೊತೆಗೇ ಇಳಿಯುತ್ತೇನೆ. ಗುಡ್ಡದ ಪಡುವಣ ಮಗ್ಗುಲಿನ ನೀರು ಬಂದರಿನ ಕಡೆಗೆ, ಗುರುಪುರ ಹೊಳೆಗೆ. ತೆಂಕಣ ಮಗ್ಗುಲಿನದು ಜೆಪ್ಪು ದಾಟಿ ನೇತ್ರಾವತಿಗೆ. ಎರಡೂ ಹೊಳೆ ಕಡಲು ಸೇರುವುದು ಒಂದೇ ಅಳಿವೆಯಲ್ಲಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ಜೆಪ್ಪುವಿನಲ್ಲೇ. ಹೊಳೆಬದಿಯ ಜೇಡಿಮಣ್ಣು, ಸಾಗಿಸಲು ದೋಣಿ, ಎರಡೂ ಹತ್ತಿರ. ಅಲ್ಲಿಗೆ ಇಳಿದು ಹೋದರೆ ಅದು ತಾನಾಗಿ ಅರ್ಥವಾಗುತ್ತದೆ.

ಕೊಟ್ಟಾರ ಚೌಕಿಯೂ ಹಾಗೆಯೇ. 2018ರ ಮೇ 29ರಂದು ನಗರದಲ್ಲಿ ನೆರೆ ಬಂದಾಗ ಎಲ್ಲರಿಗೂ ಆಶ್ಚರ್ಯ. ಸುತ್ತಲಿನ ಎತ್ತರದಿಂದ ಸೈಕಲ್ಲಲ್ಲಿ ಚೌಕಿಗೆ ಇಳಿದವರಿಗೆ ಆ ನೀರು ಎಲ್ಲಿಂದ ಬಂತೆಂದು ಕೇಳಬೇಕಾಗಿಲ್ಲ. ಗದ್ದೆಗಳನ್ನು ಮಣ್ಣು ತುಂಬಿಸಿ, ನೀರು ಹರಿಯುವ ತೋಡುಗಳನ್ನು ಕಿರಿದು ಮಾಡಿದರೆ ಗುಡ್ಡದ ನೀರು ರಸ್ತೆಯಲ್ಲೇ ನಿಲ್ಲುತ್ತದೆ. ಹೊಸ ಕಟ್ಟಡಕ್ಕೆ ನಕ್ಷೆ ಬರೆಯುವವರು ಒಂದು ಜುಲೈ ತಿಂಗಳು ಸೈಕಲ್ ಹೊಡೆಯಲಿ ಎಂದು ನನಗೆ ನಿಜವಾಗಿಯೂ ಅನಿಸುತ್ತದೆ.

ಭಾನುವಾರ ನಾನು ದಕ್ಕೆಗೆ, ಅಂದರೆ ಮೀನುಗಾರಿಕೆಯ ಬಂದರಿಗೆ, ಹೋಗುವುದುಂಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಹಾಗಾಗಿ ಬೋಟುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ದಾರಿಯಲ್ಲಿ ಕಲ್ಲಣಬೆ ಮಾರುವ ಅಮ್ಮಂದಿರು ಸಿಕ್ಕಿದರೆ ಚೀಲ ಭಾರವಾಗುತ್ತದೆ. ರೇಟು ಕೇಳಿ ಚೌಕಾಸಿ ಮಾಡಬೇಡಿ, ಗುಡ್ಡೆಯಲ್ಲಿ ಬಗ್ಗಿ ಕೆದಕಿ ತಂದದ್ದು ಅದು.

ಹೊರಡುವವರಿಗೆ ಎರಡು ಮಾತು. ಕಾಂಕ್ರೀಟ್ ರಸ್ತೆಯ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ, ಕಬ್ಬಿಣದ ಮುಚ್ಚಳಗಳು ಜಾರುತ್ತವೆ. ಅವುಗಳ ಮೇಲೆ ಹ್ಯಾಂಡಲ್ ತಿರುಗಿಸಬೇಡಿ. ಒದ್ದೆ ರಿಮ್ಮಿಗೆ ಬ್ರೇಕ್ ತಡವಾಗಿ ಹಿಡಿಯುತ್ತದೆ, ಆದ್ದರಿಂದ ಇಳಿಜಾರು ಶುರುವಾಗುವ ಮೊದಲೇ ಮೆಲ್ಲ ಒತ್ತಿ ನೀರು ಒರೆಸಿಕೊಳ್ಳಿ. ಮುರಕಲ್ಲಿನ ಕೆಂಪು ಕೆಸರು ಚೈನನ್ನು ತಿನ್ನುತ್ತದೆ. ಮನೆಗೆ ಬಂದ ಕೂಡಲೇ ತೊಳೆದು, ಒರೆಸಿ, ಎಣ್ಣೆ ಬಿಡಿ.

ಊರಾಚೆ ಹೋಗುವುದಾದರೆ ತುಂಬೆಗೆ ಹೋಗಿ. ನಮ್ಮ ನಳ್ಳಿಗೆ ಬರುವ ನೀರು ಅಲ್ಲಿಯದೇ. ಏಪ್ರಿಲಿನಲ್ಲಿ ಅಣೆಕಟ್ಟಿನಲ್ಲಿ ಎಷ್ಟು ಮೀಟರ್ ಉಳಿದಿದೆ ಎಂದು ಪೇಪರ್ ನೋಡುತ್ತೇವಲ್ಲ, ಅದೇ ನೇತ್ರಾವತಿ ಜುಲೈಯಲ್ಲಿ ಕೆಂಪಗೆ ದಡ ಮುಟ್ಟಿ ಹರಿಯುತ್ತಿರುತ್ತದೆ. ಹೆದ್ದಾರಿಯಲ್ಲಿ ಲಾರಿಗಳು ಜಾಸ್ತಿ, ಹಿಂದೆ ಕೆಂಪು ಲೈಟ್ ಹಾಕಿಕೊಂಡೇ ಹೋಗಿ. ವಾಪಸು ಬರುವಾಗ ಪಡೀಲಿನಿಂದ ನಂತೂರಿಗೆ ಏರು ಇದೆ, ಅದಕ್ಕೆ ಸ್ವಲ್ಪ ಶಕ್ತಿ ಉಳಿಸಿಕೊಳ್ಳಿ.