ದೋಸೆಯ ಹೊತ್ತಿಗೆ ಪೀಠಿಕೆ

ಬೆಳಗ್ಗೆ ನಾನು ದೋಸೆ ಹುಯ್ಯುತ್ತಿದ್ದರೆ ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ಸಂವಿಧಾನದ ಪೀಠಿಕೆಯನ್ನು ಒಪ್ಪಿಸುತ್ತಿದ್ದಳು. ‘ಭ್ರಾತೃತ್ವ’ ಬಂದಾಗಲೆಲ್ಲ ನಾಲಿಗೆ ತೊಡರುತ್ತಿತ್ತು. “ಈ ಪದ ಇರಲೇಬೇಕಾ ಅಮ್ಮ?” ಎಂದಳು.

ತಮಾಷೆಯೆಂದರೆ, ಮೊದಲು ಅದು ಇರಲೇ ಇಲ್ಲ. 1946ರ ಡಿಸೆಂಬರ್ 13ರಂದು ನೆಹರೂ ಸಂವಿಧಾನ ರಚನಾ ಸಭೆಯಲ್ಲಿ ಮಂಡಿಸಿದ, ಪೀಠಿಕೆಗೆ ಬುನಾದಿಯಾದ ಧ್ಯೇಯಗಳ ನಿರ್ಣಯದಲ್ಲಿ ನ್ಯಾಯ, ಸ್ವಾತಂತ್ರ್ಯ, ಸಮಾನತೆ ಇದ್ದವು, ಭ್ರಾತೃತ್ವ ಇರಲಿಲ್ಲ. ಅದನ್ನು ಸೇರಿಸಿದ್ದು ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ. 1948ರ ಫೆಬ್ರುವರಿಯಲ್ಲಿ ಕರಡನ್ನು ಒಪ್ಪಿಸುವಾಗ, ಸಹೋದರ ಭಾವದ ಅಗತ್ಯ ಎಂದೂ ಇಷ್ಟಿರಲಿಲ್ಲ ಎಂದು ಸಮಿತಿ ಕಾರಣ ಕೊಟ್ಟಿತು. ದೇಶ ಇಬ್ಭಾಗವಾಗಿ ಆರು ತಿಂಗಳಾಗಿತ್ತು, ಗಾಂಧೀಜಿ ಹತ್ಯೆಯಾಗಿ ಒಂದು ತಿಂಗಳೂ ಆಗಿರಲಿಲ್ಲ. ಆ ಪದ ಬಂದದ್ದು ನಿಘಂಟಿನಿಂದಲ್ಲ, ಬೀದಿಯ ರಕ್ತದಿಂದ ಎಂದು ನನಗನ್ನಿಸುತ್ತದೆ.

1949ರ ಅಕ್ಟೋಬರ್ 17ರಂದು ಪೀಠಿಕೆ ಸಭೆಯ ಮುಂದೆ ಬಂದಾಗ, ಮಂಗಳೂರಿನಲ್ಲಿ ಹುಟ್ಟಿದ ಸದಸ್ಯ ಎಚ್.ವಿ. ಕಾಮತ್ ಅದು ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಲಿ ಎಂದು ಹಟ ಹಿಡಿದರು. ದೇವರ ಬಗ್ಗೆ ಮತ ಚಲಾಯಿಸುವ ಮುಜುಗರ ಬೇಡವೆಂದು ಇನ್ನೊಬ್ಬ ಸದಸ್ಯೆ ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರೂ ಮತ ಎಣಿಸಲೇಬೇಕಾಯಿತು. ಪರ 41, ವಿರೋಧ 68. ‘ಜನತೆಯಾದ ನಾವು’ ಮೊದಲ ಸಾಲಿನಲ್ಲೇ ಉಳಿದೆವು. (ದೇವರೇನೂ ಬೇಸರಿಸಿಕೊಂಡಿರಲಾರ.)

ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ದೋಸೆ ಸೀದಿತ್ತು. ಅವಳು ಅದನ್ನು ತಮ್ಮನ ತಟ್ಟೆಗೆ ಹಾಕಿ, “ಭ್ರಾತೃತ್ವ” ಎಂದಳು. ಈ ಸಲ ತೊಡರಲಿಲ್ಲ.